ಹಿಂದೆ ಕಟ್ಟಿದ ಭಾರ

ಹೊಸದುರ್ಗದ ಕಡೆ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ಅಕ್ಕನ ಮನೆಯಂಗಳದಲ್ಲಿ ಈಗ ಎರಡು ವಾಹನ ಅಕ್ಕಪಕ್ಕ ನಿಲ್ಲುತ್ತವೆ. ಒಂದು, ಹದಿನೈದು ವರ್ಷ ದುಡಿದು ಬಣ್ಣ ಮಾಸಿದ ಟ್ರ್ಯಾಕ್ಟರ್, ಅದರ ಬೆನ್ನಿಗೆ ಟ್ರೇಲರ್. ಇನ್ನೊಂದು, ಹೋದ ವರ್ಷದ ಅಡಿಕೆ ದುಡ್ಡಿನಲ್ಲಿ ಬಂದ ಎಸ್‌ಯುವಿ. ಅಕ್ಕನ ಹಿರಿಮಗ ಮೊನ್ನೆ ಫೋನು ಹಿಡಿದು ಬಂದ. ಮೆಲ್ಬರ್ನ್‌ನಲ್ಲಿರುವ ಅವನ ತಮ್ಮ ಕಳಿಸಿದ ವಿಡಿಯೊ ಅದು. ಅಲ್ಲಿನ ಗೆಳೆಯರ ಕುಟುಂಬವೊಂದು ಮಹೀಂದ್ರಾ ಸ್ಕಾರ್ಪಿಯೊ ಹಿಂದೆ ಪುಟ್ಟ ಮನೆಯಂಥ ಕ್ಯಾಂಪರ್ ಕಟ್ಟಿಕೊಂಡು ಸಮುದ್ರತೀರಕ್ಕೆ ಹೊರಟಿತ್ತು. ‘ಮಾವ, ನಮ್ಮ ದೇಶದಲ್ಲೇ ತಯಾರಾದ ಗಾಡಿ. ಅಲ್ಲಿ ಮನೆನೇ ಎಳೀತೈತೆ. ಇಲ್ಲಿ ಯಾಕೆ ಎಳೆಯಂಗಿಲ್ಲ? ಒಂದು ಹುಕ್ಕು ಹಾಕಿಸಿದ್ರೆ ಮಾರಿಕಣಿವೆಗೆ ದೋಣಿ ಒಯ್ಯಬೌದು, ಟ್ಯಾಂಕರ್ ಕಟ್ಟಬೌದು’ ಅಂದ.

ಪ್ರಶ್ನೆ ಸರಿಯಾದದ್ದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ರಸ್ತೆಗಳಲ್ಲಿ ಈಗ ಇಂಥ ವಾಹನಗಳು ಕಡಿಮೆಯಿಲ್ಲ. ಅವುಗಳ ಮಾಲೀಕರಲ್ಲಿ ಬಹಳ ಮಂದಿಯ ಮನೆಯಲ್ಲಿ ಟ್ರೇಲರೂ ಇದೆ. ಎರಡನ್ನೂ ಜೋಡಿಸುವ ಯೋಚನೆ ಬರುವುದು ಸಹಜ. ನಾನು ಈ ವಿಷಯವನ್ನು ಕೆಲವು ತಿಂಗಳು ಕೆದಕಿದೆ. ಕೈಪಿಡಿ ಓದಿದೆ, ಕಾನೂನು ನೋಡಿದೆ, ಟ್ರ್ಯಾಕ್ಟರ್ ಓಡಿಸುವವರ ಜೊತೆ ಕೂತು ಮಾತಾಡಿದೆ. ಕೊನೆಗೆ ಮನಸ್ಸಿನಲ್ಲಿ ನಿಂತ ಮಾತು ಒಂದೇ: ಎಳೆಯುವುದಕ್ಕೆ ಎಂಜಿನ್ ಸಾಕಾಗುತ್ತದೋ ಇಲ್ಲವೋ ಎಂದು ನಾವೆಲ್ಲ ಕೇಳುತ್ತೇವೆ. ಕೇಳಬೇಕಾದದ್ದು, ಎಳೆದುಕೊಂಡು ಹೋದದ್ದನ್ನು ನಿಲ್ಲಿಸುವುದು ಯಾರು ಎಂದು.

ಹಿರಿಯೂರಿನ ತೇರುಮಲ್ಲೇಶ್ವರನ ತೇರು ನೋಡಿದವರಿಗೆ ಇದು ಹೊಸದಲ್ಲ. ಮಿಣಿ ಹಿಡಿಯಲು ಊರಿಗೆ ಊರೇ ನುಗ್ಗುತ್ತದೆ. ಗಾಲಿಯ ಪಕ್ಕದಲ್ಲಿ ಮರದ ತುಂಡು ಹಿಡಿದು ತೇರಿನ ಜೊತೆಗೇ ಬಗ್ಗಿ ನಡೆಯುವವರು ಕೆಲವೇ ಮಂದಿ. ತೇರು ಎತ್ತ ತಿರುಗಬೇಕು, ಎಲ್ಲಿ ನಿಲ್ಲಬೇಕು ಎನ್ನುವುದು ಅವರ ಕೈಯಲ್ಲಿರುತ್ತದೆ. ಅವರ ಕೈ ತಪ್ಪಿದರೆ ಮಿಣಿ ಹಿಡಿದವರು ಎಷ್ಟು ಸಾವಿರವಿದ್ದರೂ ಪ್ರಯೋಜನವಿಲ್ಲ.

ಎಳೆಯುವ ವಿದ್ಯೆ ಈ ಸೀಮೆಗೆ ಹಳೆಯದು. ಅಮೃತಮಹಲ್ ಎತ್ತುಗಳ ಕಾವಲುಗಳು ಚಿತ್ರದುರ್ಗದ ಸುತ್ತ ಹಬ್ಬಿದ್ದವು. ಹೊಸದುರ್ಗಕ್ಕೆ ಹತ್ತಿರದ ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನ ಕೇಂದ್ರ ಇಂದಿಗೂ ಇದೆ. ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಈ ಮಂದೆಯ ಇಲಾಖೆಗೆ ಬೆಣ್ಣೆ ಚಾವಡಿ ಎಂಬ ಹೆಸರಿತ್ತು. ಹಾಲು, ಬೆಣ್ಣೆಗೆಂದು ಕಟ್ಟಿದ ಮಂದೆ ಹೈದರ್ ಮತ್ತು ಟಿಪ್ಪುವಿನ ಕಾಲಕ್ಕೆ ಫಿರಂಗಿ ಎಳೆಯುವ ಪಡೆಯಾಯಿತು. ಅಮೃತಮಹಲ್ ಎಂಬ ಹೆಸರು ಟಿಪ್ಪು ಇಟ್ಟದ್ದು. ಈ ಎತ್ತುಗಳ ಬಲದಿಂದ ಹೈದರ್ ಚಿದಂಬರಂ ಕಡೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದನೆಂದು ಬ್ರಿಟಿಷರೇ ಬೆರಗಿನಿಂದ ಬರೆದಿಟ್ಟಿದ್ದಾರೆ. ಟಿಪ್ಪು ಸತ್ತ ಮೇಲೆ ಅವರೂ ತಮ್ಮ ಫಿರಂಗಿಗೆ ಇದೇ ಎತ್ತು ಕಟ್ಟಿದರು.

ಇನ್ನು ನಮ್ಮ ಎತ್ತಿನ ಗಾಡಿ. ಗಾಡಿ ತುಂಬುವಾಗ ಹಿರಿಯರು ಮೊದಲು ನೋಡುತ್ತಿದ್ದದ್ದು ಮುಂಭಾರ, ಹಿಂಭಾರ. ಹೇರು ಮುಂದಾದರೆ ನೊಗ ಎತ್ತಿನ ಹೆಗಲನ್ನು ಅರೆಯುತ್ತದೆ. ಹಿಂದಾದರೆ ಮೂಕಿ ಮೇಲೆದ್ದು ಕೊರಳ ಪಟ್ಟಿ ಬಿಗಿಯುತ್ತದೆ, ಎತ್ತಿಗೆ ಉಸಿರು ಕಟ್ಟುತ್ತದೆ. ಆದ್ದರಿಂದ ಮೂಕಿಯ ಮೇಲೆ ಸ್ವಲ್ಪವೇ ಸ್ವಲ್ಪ ಭಾರ ಉಳಿಯುವಂತೆ ಮೂಟೆ ಜೋಡಿಸುತ್ತಿದ್ದರು. ಏರು ಬಂದಾಗ ಗಾಡಿ ಹೊಡೆಯುವವನು ಮೂಕಿಯ ಕಡೆ ಜರುಗಿ ಕೂರುತ್ತಿದ್ದ, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯುತ್ತಿದ್ದ.

ಕಾರಿನ ಹಿಂದೆ ಟ್ರೇಲರ್ ಕಟ್ಟುವ ಶಾಸ್ತ್ರದ ಮೊದಲ ಪಾಠ ಇದೇ. ಅಮೆರಿಕದಲ್ಲಿ ಟ್ರೇಲರ್‌ನ ಒಟ್ಟು ತೂಕದ ಶೇ 10ರಿಂದ 15ರಷ್ಟು ಭಾರ ಕೊಂಡಿಯ ಮೇಲೆ ಬೀಳಬೇಕೆನ್ನುತ್ತಾರೆ. ಯುರೋಪಿನವರ ಲೆಕ್ಕ ಇದಕ್ಕಿಂತ ಕಡಿಮೆ. ಸಾಮಾನಿನ ಹೆಚ್ಚಿನ ಪಾಲು ಟ್ರೇಲರ್‌ನ ಅಚ್ಚಿಗಿಂತ ಮುಂದೆ ಇರಬೇಕು. ಭಾರ ಹಿಂದಕ್ಕೆ ಹೋಯಿತೋ, ವೇಗ ಏರಿದಂತೆ ಟ್ರೇಲರ್ ಬಾಲದ ಹಾಗೆ ಅತ್ತಿತ್ತ ಬೀಸತೊಡಗುತ್ತದೆ, ಆ ಬೀಸು ಕಾರನ್ನೂ ಎಳೆದಾಡುತ್ತದೆ. ಗಾಬರಿಯಲ್ಲಿ ಬ್ರೇಕ್ ಒತ್ತಿದರೆ ಕೆಲಸ ಕೆಡುತ್ತದೆ. ಸ್ಟಿಯರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆಯಬೇಕು.

ಚಿತ್ರದುರ್ಗದಲ್ಲಿ ಇದಕ್ಕೆ ಇನ್ನೊಂದು ಸಂಗತಿ ಸೇರುತ್ತದೆ, ಗಾಳಿ. ಜಿಲ್ಲೆಯ ಗುಡ್ಡಗಳ ಮೇಲೆ ಸಾಲುಸಾಲು ಗಾಳಿ ಫ್ಯಾನು ನಿಂತಿರುವುದಕ್ಕೆ ಕಾರಣ ಇಲ್ಲಿ ಬೀಸುವ ಗಾಳಿಯೇ. ಆಷಾಢ, ಶ್ರಾವಣದಲ್ಲಿ ಹೆದ್ದಾರಿಯ ಮೇಲೆ ಬೈಕಿನಲ್ಲಿ ಹೋದವರಿಗೆ ಅದರ ತಳ್ಳು ಗೊತ್ತು. ಗೋಡೆಯಂಥ ಮೈಯುಳ್ಳ, ಒಳಗೆ ಹಗುರಾದ ಕ್ಯಾಂಪರ್‌ಗೆ ಆ ಗಾಳಿ ಪಕ್ಕದಿಂದ ಬಡಿಯುವಾಗಲೇ ಎದುರಿನಿಂದ ಲಾರಿ ದಾಟಿದರೆ ಏನಾಗುತ್ತದೆಂದು ಊಹಿಸಬಹುದು. ಇದೇ ಹೆದ್ದಾರಿಯಲ್ಲಿ ಫ್ಯಾನಿನ ರೆಕ್ಕೆ ಹೊತ್ತ ಉದ್ದುದ್ದ ಟ್ರೇಲರ್‌ಗಳೂ ಹೋಗುತ್ತವೆ. ಮುಂದೆ ಹಿಂದೆ ಬೆಂಗಾವಲು ವಾಹನ, ಕೆಂಪು ಬಾವುಟ, ತಿರುವಿನಲ್ಲಿ ಇಳಿದು ಕೈಸನ್ನೆ ಮಾಡುವ ಜನ. ಹಿಂದೆ ಕಟ್ಟಿದ್ದನ್ನು ಎಷ್ಟು ಗಮನದಿಂದ ಸಾಗಿಸಬೇಕೆಂದು ತಿಳಿಯಬೇಕಾದವರು ಒಂದು ಸಲ ನಿಂತು ಅದನ್ನು ನೋಡಬೇಕು.

ಈಗ ಅಳಿಯನ ಪ್ರಶ್ನೆಗೆ ಬರುತ್ತೇನೆ. ಆಸ್ಟ್ರೇಲಿಯಾದಲ್ಲಿ ಮಾರುವ ಸ್ಕಾರ್ಪಿಯೊಗೆ ಕಂಪನಿ ಎರಡು ಅಂಕಿ ಕೊಟ್ಟಿದೆ. ಸ್ವಂತ ಬ್ರೇಕ್ ಇರುವ ಟ್ರೇಲರ್ ಆದರೆ 2,500 ಕಿಲೊ, ಬ್ರೇಕ್ ಇಲ್ಲದ್ದಾದರೆ 750 ಕಿಲೊ. ಗಾಡಿ ಅದೇ, ಎಂಜಿನ್ ಅದೇ. ಅಲ್ಲಿ ಇನ್ನೂ ಹಗುರ ಎಸ್‌ಯುವಿಗಳಿಗೆ ಹೇಳುವ ಮೊದಲ ಅಂಕಿ ಇದಕ್ಕಿಂತ ಬಹಳ ಕಡಿಮೆ, ಬ್ರೇಕ್ ಇಲ್ಲದ ಟ್ರೇಲರ್‌ನ ಮಿತಿ ಮಾತ್ರ ಅಲ್ಲೂ ಹೆಚ್ಚಾಗಿ 750ರ ಆಸುಪಾಸು. ಯುರೋಪಿನ ಸಾಮಾನ್ಯ ಕಾರು ಲೈಸೆನ್ಸಿನ ನಿಯಮದಲ್ಲೂ ಹಗುರ ಟ್ರೇಲರ್ ಎಂದರೆ 750 ಕಿಲೊ. 2,500ಕ್ಕೂ 750ಕ್ಕೂ ನಡುವೆ ಇರುವುದು ಎಂಜಿನ್ನಿನ ಶಕ್ತಿ ಅಲ್ಲ, ಟ್ರೇಲರ್‌ನ ಗಾಲಿಯೊಳಗಿನ ಬ್ರೇಕು. ಇಡೀ ಹುಡುಕಾಟದಲ್ಲಿ ನನ್ನ ಕಣ್ಣು ತೆರೆಸಿದ್ದು ಈ ಎರಡು ಅಂಕಿ.

ಲೆಕ್ಕ ಕಷ್ಟವಿಲ್ಲ. ಎರಡು ಟನ್ ತೂಗುವ ಗಾಡಿಯ ಬ್ರೇಕು ಹೆಚ್ಚೂಕಡಿಮೆ ಆ ತೂಕವನ್ನು ನಿಲ್ಲಿಸಲೆಂದು ಮಾಡಿದ್ದು. ಬ್ರೇಕ್ ಇಲ್ಲದ ಒಂದು ಟನ್ ಟ್ರೇಲರ್ ಹಿಂದೆ ಸೇರಿದರೆ ಅದೇ ಬ್ರೇಕು ಮೂರು ಟನ್ ಹಿಡಿಯಬೇಕು. ನಿಲ್ಲುವ ದೂರ ಒಂದೂವರೆ ಪಟ್ಟಾಗುತ್ತದೆ. ಅಷ್ಟರಲ್ಲಿ ಹಿಂದಿನದು ಮುಂದಿನದನ್ನು ತಳ್ಳುತ್ತಿರುತ್ತದೆ, ತಿರುವಿನಲ್ಲಿದ್ದರೆ ಮಡಚಿಕೊಳ್ಳುತ್ತದೆ. ಹೊರದೇಶದ ಟ್ರೇಲರ್‌ಗಳಲ್ಲಿ ಇದಕ್ಕೆ ಎರಡು ಉಪಾಯ ಮಾಡಿದ್ದಾರೆ. ಒಂದರಲ್ಲಿ, ಕಾರು ನಿಧಾನವಾದಾಗ ಟ್ರೇಲರ್ ಮುಂದಕ್ಕೆ ಒತ್ತುವ ಒತ್ತಡವೇ ಕೊಂಡಿಯೊಳಗಿನ ಸರಳನ್ನು ತಳ್ಳಿ ಟ್ರೇಲರ್‌ನ ಬ್ರೇಕ್ ಹಿಡಿಸುತ್ತದೆ. ಇನ್ನೊಂದರಲ್ಲಿ ಕಾರಿನಿಂದ ವಿದ್ಯುತ್ ಹೋಗಿ ಬ್ರೇಕ್ ಬೀಳುತ್ತದೆ. ಕೊಂಡಿ ಕಳಚಿದರೆ ತಾನೇ ಬ್ರೇಕ್ ಎಳೆಯುವ ತಂತಿ ಬೇರೆ, ಕೊಂಡಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಕುವ ಸರಪಳಿ ಬೇರೆ. ಅಮೆರಿಕದ ಕನ್ನಡ ಕುಟುಂಬಗಳು ಕೊಳ್ಳುವ ಟೊಯೊಟಾ ಹೈಲ್ಯಾಂಡರ್, ಹೋಂಡಾ ಪೈಲಟ್ ಬಗೆಯ ಗಾಡಿಗಳಿಗೆ ಹೇಳುವ 5,000 ಪೌಂಡ್, ಅಂದರೆ ಸುಮಾರು 2,270 ಕಿಲೊ, ಈ ವ್ಯವಸ್ಥೆಯೆಲ್ಲ ಇದ್ದರೆ ಮಾತ್ರ ಬೆಲೆಯುಳ್ಳ ಅಂಕಿ.

ಭಾರತದಲ್ಲಿ ಮಾರುವ ಇದೇ ಜಾತಿಯ ಹಲವು ವಾಹನಗಳ ಕೈಪಿಡಿಯಲ್ಲಿ ಟ್ರೇಲರ್ ಎಳೆಯುವುದನ್ನು ಶಿಫಾರಸು ಮಾಡುವುದಿಲ್ಲ ಎಂದೇ ಬರೆದಿರುತ್ತದೆ. ಇಲ್ಲಿನ ಮಾದರಿಯನ್ನು ಅದಕ್ಕೆಂದು ಪರೀಕ್ಷಿಸಿ ಅಂಕಿ ಕೊಟ್ಟಿಲ್ಲ ಎಂದು ಅದರ ಅರ್ಥ. ಆ ಸಾಲು ದಾಟಿ ಎಳೆದವರಿಗೆ ವಾರಂಟಿ, ವಿಮೆ ಎರಡರಲ್ಲೂ ತಕರಾರು ಕಾದಿರುತ್ತದೆ.

‘ಹಂಗಾದ್ರೆ ನಮ್ಮ ಟ್ಯಾಕ್ಟ್ರು?’ ಎಂದು ಅಳಿಯ ಕೇಳಿದ. ‘ಅದರದ್ದು ನಲವತ್ತೈದು ಎಚ್‌ಪಿ. ಕಾರಿನದ್ದು ಅದರ ಮೂರ್ನಾಲ್ಕು ಪಟ್ಟು. ಆದ್ರೂ ಟ್ಯಾಕ್ಟ್ರು ಐದಾರು ಟನ್ ಎಳೀತೈತಲ್ಲ?’ ಎಳೆಯುತ್ತದೆ, ಏಕೆಂದರೆ ಅದಕ್ಕೆ ಅವಸರವಿಲ್ಲ. ಟ್ರ್ಯಾಕ್ಟರ್‌ನ ಗೇರುಗಳು ಎಂಜಿನ್ನಿನ ಹತ್ತಾರು ಸುತ್ತನ್ನು ಗಾಲಿಯ ಒಂದು ಸುತ್ತಿಗೆ ಇಳಿಸಿ ಜಗ್ಗುವ ಬಲವನ್ನು ಹೆಚ್ಚಿಸುತ್ತವೆ. ದೊಡ್ಡ ಹಿಂಗಾಲಿಯ ಮೇಲೆ ಯಂತ್ರದ ಭಾರ ಕೂತು ನೆಲವನ್ನು ಕಚ್ಚುತ್ತದೆ. ವೇಗ ಗಂಟೆಗೆ ಹೆಚ್ಚೆಂದರೆ 30 ಕಿ.ಮೀ. ಕಾರು 90ರಲ್ಲಿ ಹೋಗುತ್ತದೆ. ವೇಗ ಮೂರು ಪಟ್ಟಾದರೆ ನಿಲ್ಲಿಸಬೇಕಾದ ಶಕ್ತಿ ಒಂಬತ್ತು ಪಟ್ಟು. ಟ್ರ್ಯಾಕ್ಟರ್ ತಪ್ಪು ಮಾಡಿಯೂ ಎಷ್ಟೋ ಸಲ ಬಚಾವಾಗುವುದು ನಿಧಾನದಿಂದ.

ಎಲ್ಲ ಸಲವೂ ಬಚಾವಾಗುವುದಿಲ್ಲ. ಈ ವಿಷಯಕ್ಕೆ ನಾನು ಹೆಚ್ಚು ಜಾಗ ಕೊಡಬೇಕು, ಏಕೆಂದರೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ‘ಟ್ರೇಲರ್ ಎಳೆಯುವುದು’ ಎಂದರೆ ನಿಜವಾಗಿ ಇದೇ. ಭೀಮಸಮುದ್ರದ ಮಂಡಿಗಳಿಗೆ ಹೋಗುವ ಅಡಿಕೆ, ಹಿರಿಯೂರು ಕಡೆಯ ಈರುಳ್ಳಿ, ಹೊಳಲ್ಕೆರೆಯ ಮೆಕ್ಕೆಜೋಳ, ತೋಟಕ್ಕೆ ಹೊಡೆಸುವ ಕೆರೆಗೋಡು, ಕೊಟ್ಟಿಗೆ ಗೊಬ್ಬರ, ಮನೆ ಕಟ್ಟುವ ಕಲ್ಲು, ಮದುವೆಯ ದಿಬ್ಬಣ, ಎಲ್ಲವೂ ಟ್ರೇಲರ್ ಮೇಲೆಯೇ. ಬರದ ವರ್ಷಗಳಲ್ಲಿ ಕೊಳವೆಬಾವಿ ಬತ್ತಿದಾಗ ಹೊಸದುರ್ಗ, ಹೊಳಲ್ಕೆರೆಯ ರೈತರು ಟ್ಯಾಂಕರ್ ನೀರು ಕೊಂಡು ಅಡಿಕೆ ಮರ ಉಳಿಸಿಕೊಂಡಿದ್ದಾರೆ. ರಾತ್ರಿಯಿಡೀ ಟ್ರ್ಯಾಕ್ಟರ್‌ಗಳು ತೋಟದಿಂದ ನೀರಿಗೆ, ನೀರಿನಿಂದ ತೋಟಕ್ಕೆ ಓಡಾಡಿದ ದಿನಗಳವು. ಐದು ಸಾವಿರ ಲೀಟರ್‌ನ ಟ್ಯಾಂಕರ್ ಎಂದರೆ ನೀರೇ ಐದು ಟನ್. ಅರ್ಧ ತುಂಬಿದ ಟ್ಯಾಂಕರ್ ಪೂರ್ತಿ ತುಂಬಿದ್ದಕ್ಕಿಂತ ಕೆಟ್ಟದ್ದು. ಬ್ರೇಕ್ ಹಿಡಿದಾಗ ಒಳಗಿನ ನೀರು ಮುಂದಕ್ಕೆ ನುಗ್ಗಿ ಗುದ್ದುತ್ತದೆ, ತಿರುವಿನಲ್ಲಿ ಒಂದು ಪಕ್ಕಕ್ಕೆ ಸರಿದು ಮಗುಚಲು ನೋಡುತ್ತದೆ. ಎಸ್‌ಯುವಿಗೆ ಟ್ಯಾಂಕರ್ ಕಟ್ಟುವ ಆಸೆಯನ್ನು ಅಳಿಯ ಬಿಟ್ಟದ್ದು ಈ ಮಾತಿಗೆ.

ಟ್ರ್ಯಾಕ್ಟರ್‌ಗೆ ಎಡ ಗಾಲಿಗೊಂದು, ಬಲ ಗಾಲಿಗೊಂದು ಬೇರೆಬೇರೆ ಬ್ರೇಕ್ ಪೆಡಲ್ ಇರುತ್ತದೆ. ಹೊಲದ ಮೂಲೆಯಲ್ಲಿ ಒಂದನ್ನೇ ಒತ್ತಿ ಗಕ್ಕನೆ ತಿರುಗಿಸಿಕೊಳ್ಳಲು ಅದು ಬೇಕು. ರಸ್ತೆಗೆ ಬಂದ ಮೇಲೆ ಎರಡನ್ನೂ ಕೂಡಿಸುವ ಚಿಲಕ ಹಾಕಲೇಬೇಕು. ಹಾಕದೆ ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಆ ಪಕ್ಕಕ್ಕೆ ತಿರುಗಿ ಬೀಳುತ್ತದೆ, ಹಿಂದಿನ ಟ್ರೇಲರ್ ಮೇಲೆ ಬರುತ್ತದೆ. ನಾನು ಮಾತಾಡಿಸಿದ ಹುಡುಗರಲ್ಲಿ ಕೆಲವರಿಗೆ ಆ ಚಿಲಕ ಇರುವುದೇ ಗೊತ್ತಿರಲಿಲ್ಲ. ಇಳಿಜಾರಿನಲ್ಲಿ ಡೀಸೆಲ್ ಉಳಿಯಲೆಂದು ನ್ಯೂಟ್ರಲ್ ಮಾಡುವ ಅಭ್ಯಾಸ ಇನ್ನೊಂದು. ಎಂಜಿನ್ನಿನ ಹಿಡಿತ ತಪ್ಪಿದ ಕ್ಷಣದಿಂದ ಐದು ಟನ್ ಹೇರು ಚಾಲಕನ ಬೆನ್ನಿಗೆ ಬಿದ್ದಿರುತ್ತದೆ.

ಆಮೇಲೆ ಕತ್ತಲು. ಹಿಂದೆ ದೀಪವಿಲ್ಲದ, ರೇಡಿಯಂ ಪಟ್ಟಿಯೂ ಇಲ್ಲದ, ಹುಲ್ಲು ಹೇರಿ ಅಗಲವಾದ ಟ್ರೇಲರ್ ರಾತ್ರಿ ರಸ್ತೆಯಲ್ಲಿ ಹೋಗುತ್ತಿದ್ದರೆ ಹಿಂದಿನಿಂದ ಬರುವವನಿಗೆ ಅದು ಕಾಣುವುದೇ ಇಲ್ಲ. ಎದುರಿನ ಗಾಡಿಯ ಬೆಳಕು ಕಣ್ಣಿಗೆ ಹೊಡೆದಿದ್ದರಂತೂ ಮುಗಿಯಿತು. ಹಿಂಭಾಗದಲ್ಲಿ ಎರಡು ಕೆಂಪು ಪ್ರತಿಫಲಕ ಇರಬೇಕೆಂಬ ನಿಯಮ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 1989ರಿಂದಲೂ ಇದೆ. ಹೊಳಲ್ಕೆರೆ ದಾರಿಯಲ್ಲಿ ಒಂದು ರಾತ್ರಿ ನಾನೇ ಇಂಥ ಟ್ರೇಲರ್‌ಗೆ ಕೆಲವೇ ಅಡಿ ದೂರದಲ್ಲಿ ನಿಂತೆ. ಮೇಲೆ ಕೂಲಿ ಮುಗಿಸಿ ಬರುತ್ತಿದ್ದ ಹೆಣ್ಣುಮಕ್ಕಳು ಕೂತಿದ್ದರು. ನನ್ನ ದೀಪದ ಬೆಳಕಿನಲ್ಲಿ ತಟ್ಟನೆ ಕಂಡ ಆ ಮುಖಗಳು ಮರೆಯುವುದಿಲ್ಲ. ಟ್ರ್ಯಾಕ್ಟರ್‌ಗೆ ಇರುವುದು ಚಾಲಕನ ಒಂದೇ ಸೀಟು. ಟ್ರೇಲರ್‌ನಲ್ಲಿ ಕೂತವರು ಸತ್ತರೆ ವಿಮಾ ಕಂಪನಿ ಮೊದಲು ಹಿಡಿಯುವ ಮಾತು ಅದು. ಕೂಲಿಯವರಿಗೆ ಬೇರೆ ವಾಹನ ಮಾಡಿಕೊಡದೆ ಟ್ರೇಲರ್ ಹತ್ತಬೇಡಿ ಎನ್ನುವುದು ಸುಲಭ. ಆ ವಾಹನದ ಖರ್ಚನ್ನು ಕೂಲಿಯ ಲೆಕ್ಕದಲ್ಲೇ ಸೇರಿಸಿಕೊಳ್ಳಬೇಕಾದವರು ತೋಟ, ಹೊಲದ ಯಜಮಾನರಾದ ನಾವು.

ಕಾನೂನಿನ ಕಡೆ ಚಿಕ್ಕದಾಗಿ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಎಂದರೆ ಮೋಟಾರು ವಾಹನ ಎಳೆಯುವ ಇನ್ನೊಂದು ವಾಹನ, ಅದಕ್ಕೂ ನೋಂದಣಿ ಬೇಕು. ಕಲಂ 61ರ ಪ್ರಕಾರ ಟ್ರೇಲರ್‌ನ ನಂಬರ್ ಎಳೆಯುವ ವಾಹನದ ಪಕ್ಕದಲ್ಲೂ, ಎಳೆಯುವ ವಾಹನದ ನಂಬರ್ ಟ್ರೇಲರ್ ಮೇಲೂ ಕಾಣಬೇಕು. ಕಾರು ಟ್ರೇಲರ್ ಎಳೆಯಲೇಬಾರದೆಂದು ಕಾಯ್ದೆ ಹೇಳುವುದಿಲ್ಲ. ಆದರೆ ಕಲಂ 52 ವಾಹನದ ಮೂಲ ರಚನೆ ಬದಲಿಸುವುದನ್ನು ತಡೆಯುತ್ತದೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಕಾರಿನ ಮುಂದೆ ಹಾಕಿಸುವ ಬುಲ್ ಬಾರ್‌ಗಳ ಮೇಲೆ ಕ್ರಮಕ್ಕೆ ರಾಜ್ಯಗಳಿಗೆ ಬರೆದದ್ದು ಇದೇ ಕಲಮಿನ ಆಧಾರದಲ್ಲಿ. ಗ್ಯಾರೇಜಿನಲ್ಲಿ ವೆಲ್ಡ್ ಮಾಡಿಸಿದ ಹುಕ್ಕಿಗೂ ಅದೇ ಪ್ರಶ್ನೆ ಏಳುತ್ತದೆ. ಕೆಎ-16 ನಂಬರಿನವರು ಹುಕ್ಕಿಗೆ ದುಡ್ಡು ಹಾಕುವ ಮೊದಲು ಆರ್‌ಟಿಒ ಕಚೇರಿಯಿಂದ ಬರವಣಿಗೆಯಲ್ಲಿ ಉತ್ತರ ಪಡೆಯುವುದು ಒಳ್ಳೆಯದು. ಲೈಸೆನ್ಸಿನ ವಿಷಯದಲ್ಲಿ ಒಂದು ಸಮಾಧಾನ ಇದೆ. ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ, ಟ್ರ್ಯಾಕ್ಟರ್ ಓಡಿಸಲು ಲೈಸೆನ್ಸ್ ಇದ್ದವನ ಲೈಸೆನ್ಸು ಹಿಂದೆ ಟ್ರೇಲರ್ ಕಟ್ಟಿದ ಮಾತ್ರಕ್ಕೆ ನಿರರ್ಥಕವಾಗುವುದಿಲ್ಲ ಎಂದಿತು. ಹಗುರ ವಾಹನದ ಲೈಸೆನ್ಸಿನಲ್ಲಿ 7,500 ಕಿಲೊ ಒಳಗಿನ ಸಾರಿಗೆ ವಾಹನ ಓಡಿಸಬಹುದು ಎಂದು 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠವೂ ಹೇಳಿದೆ. ಆದರೆ ತಿರುವಿನಲ್ಲಿ ಟ್ರೇಲರ್ ಒಳಗೆ ಕತ್ತರಿಸಿಕೊಂಡು ಬರುವುದು, ಹಿಂದಕ್ಕೆ ಬಿಡುವಾಗ ಸ್ಟಿಯರಿಂಗ್ ಉಲ್ಟಾ ತಿರುಗಿಸಬೇಕಾಗುವುದು, ಇವೆಲ್ಲ ಲೈಸೆನ್ಸಿನಿಂದ ಬರುವ ವಿದ್ಯೆಯಲ್ಲ, ಬಯಲಿನಲ್ಲಿ ಕಲಿಯಬೇಕು.

ದೋಣಿಯ ಆಸೆ ನನಗೂ ಅರ್ಥವಾಗುತ್ತದೆ. ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರದ ಕೆಲಸ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರ್‌ನಲ್ಲಿ. ಎಂಬತ್ತೊಂಬತ್ತು ವರ್ಷ ಕಾದ ನೀರು. ಅದನ್ನು ನೋಡಲು ಆವತ್ತು ಜಾತ್ರೆಯೇ ನೆರೆದಿತ್ತು. ಅಂಥ ನೀರಿನ ಮೇಲೆ ಸ್ವಂತ ದೋಣಿಯಲ್ಲಿ ಹೋಗಬೇಕೆನ್ನಿಸುವುದು ತಪ್ಪಲ್ಲ. ಆದರೆ ಯಂತ್ರದ ದೋಣಿಗೆ 2021ರ ಒಳನಾಡು ಹಡಗು ಕಾಯ್ದೆಯ ನೋಂದಣಿ ಇದೆ, ಜಲಾಶಯಕ್ಕೆ ಇಳಿಯಲು ಅನುಮತಿ ಬೇಕು. ಎಲ್ಲಕ್ಕಿಂತ ಮೊದಲು ಟ್ರೇಲರನ್ನು ನೀರಿಗೆ ಇಳಿಸಲು ಗಟ್ಟಿ ಇಳಿಜಾರು ಬೇಕು. ಕೆಸರು ದಂಡೆಯಲ್ಲಿ ಇಳಿಸಿದ ಗಾಡಿ, ತೊಯ್ದ ದೋಣಿಯನ್ನು ಹೇರಿಕೊಂಡು ಮೇಲೆ ಬರುವಾಗ ಗಾಲಿ ಸುತ್ತಿ ಅಲ್ಲೇ ಹೂಳುತ್ತದೆ. ನಮ್ಮ ಜಲಾಶಯಗಳ ಮೀನುಗಾರರು ಒಬ್ಬರೇ ಬೆನ್ನಮೇಲೆ ಕವುಚಿಕೊಂಡು ನಡೆಯುವ ಹರಿಗೋಲಿಗೆ ಟ್ರೇಲರ್ ಬೇಕಾಗುವುದಿಲ್ಲ. ಹಗುರವಾದ ದೋಣಿಗೆ ಪಿಕಪ್ ಸಾಕು.

ನಿಜ ಹೇಳಬೇಕೆಂದರೆ ನಮ್ಮಲ್ಲಿ ಕಾರಿಗೆ ಟ್ರೇಲರ್ ಕಟ್ಟುವ ರೂಢಿ ಬೆಳೆಯದೆ ಇರುವುದಕ್ಕೆ ಪಿಕಪ್‌ಗಳೇ ದೊಡ್ಡ ಕಾರಣ ಎಂದು ನನ್ನ ಎಣಿಕೆ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಹೋಬಳಿ ಹೋಬಳಿಯಲ್ಲಿ ಬಾಡಿಗೆಗೆ ಸಣ್ಣ ಗಾಡಿ ಸಿಗುತ್ತದೆ. ಪಂಪು, ಪೈಪು, ನಾಲ್ಕು ಕುರಿ, ಹತ್ತು ಮೂಟೆ ಯಾವುದೇ ಇರಲಿ, ಫೋನು ಮಾಡಿದರೆ ಅಂಗಳಕ್ಕೆ ಬರುತ್ತದೆ. ಆಳಿನ ಕೂಲಿ, ಬಾಡಿಗೆ ಎರಡೂ ದುಬಾರಿಯಾದ ದೇಶಗಳಲ್ಲಿ ಮಾತ್ರ ಮನೆಗೊಂದು ಟ್ರೇಲರ್ ಅನಿವಾರ್ಯವಾಗುತ್ತದೆ. ಕ್ಯಾಂಪರ್ ವಿಷಯವೂ ಹಾಗೆಯೇ. ಎಂಜಿನ್ನು, ಮನೆ ಎರಡೂ ಒಂದೇ ಚಾಸಿಯ ಮೇಲಿರುವ ಕ್ಯಾರವಾನ್ ಬಾಡಿಗೆಗೆ ಹಿಡಿದರೆ ನಮ್ಮ ಹಳ್ಳಿ ಉಬ್ಬು, ಕಿರುಸೇತುವೆ, ಸಂತೆಬೀದಿಗಳಿಗೆ ಎಷ್ಟೋ ವಾಸಿ. ಕಮಾನು ಗಾಡಿ ಕಟ್ಟಿಕೊಂಡು ಜಾತ್ರೆಗೆ ಹೋಗಿ, ಮರದ ನೆರಳಿಗೆ ಎತ್ತಿನ ಕೊರಳು ಬಿಚ್ಚಿ, ಮೂರು ಕಲ್ಲಿನ ಒಲೆ ಹೂಡಿ ಗಾಡಿಯ ಕೆಳಗೇ ಮಲಗಿದ ತಲೆಮಾರು ನಮ್ಮದು. ಆ ಸುಖ ಮತ್ತೆ ಬೇಕೆನ್ನುವವರಿಗೆ ಒಂದು ಡೇರೆ, ಕಾರಿನ ಡಿಕ್ಕಿ ಸಾಕಾಗುತ್ತದೆ.

ಹಾಗಿದ್ದೂ ಯಾರಾದರೂ ಕಟ್ಟಿಯೇ ಕಟ್ಟುತ್ತೇನೆಂದರೆ, ಕಂಪನಿಯ ಕೈಪಿಡಿ ಒಪ್ಪುವ ಗಾಡಿ, ನೋಂದಣಿಯಾದ ಸಣ್ಣ ಟ್ರೇಲರ್, ಸರಪಳಿ, ಉರಿಯುವ ಕೆಂಪು ದೀಪ, ತುಸು ಮುಂಭಾರವಾಗಿ ತುಂಬಿದ ಹೇರು, ಅರವತ್ತು ದಾಟದ ವೇಗ, ಇಷ್ಟಿರಲಿ. ಇದರಲ್ಲಿ ಒಂದು ಕಡಿಮೆಯಾದರೂ ಹೆದ್ದಾರಿಗೆ ಬರಬಾರದು.

ಇಷ್ಟೆಲ್ಲ ಮಾತಾಡಿ ಎದ್ದ ಮೇಲೆ ಅಳಿಯ ಅಂಗಳದ ಟ್ರೇಲರ್ ಹಿಂದಕ್ಕೆ ಹೋಗಿ ಕುಕ್ಕುರುಗಾಲಲ್ಲಿ ಕೂತ. ಕೆಂಪು ದೀಪದ ಗಾಜು ಒಡೆದಿತ್ತು. ವೈರು ಎಂದೋ ತುಂಡಾಗಿ ಅಚ್ಚಿಗೆ ಸುತ್ತಿಕೊಂಡಿತ್ತು. ‘ಇದು ಯಾವಾಗಿಂದ ಉರೀತಿಲ್ಲ ಅಂತ ನಂಗೇ ಗೊತ್ತಿಲ್ಲ ಮಾವ’ ಅಂದ. ಅಂಗಡಿ ಮುಚ್ಚುವ ಮೊದಲು ಇಬ್ಬರೂ ಹೊಸದುರ್ಗಕ್ಕೆ ಹೋಗಿ ಎರಡು ದೀಪ, ನಾಲ್ಕು ಮೀಟರ್ ವೈರು, ಒಂದು ಸುರುಳಿ ಕೆಂಪು ರೇಡಿಯಂ ತಂದೆವು. ಪಟ್ಟಿ ಅಂಟಿಸುವ ಮುಂಚೆ ಹಲಗೆಯ ಮೇಲಿನ ಗೋಡು ಮಣ್ಣನ್ನು ಅಕ್ಕ ಬಿಸಿನೀರು ಹಾಕಿ ತಿಕ್ಕಿಕೊಟ್ಟಳು. ಕತ್ತಲಾದ ಮೇಲೆ ಅಳಿಯ ಎಸ್‌ಯುವಿಯನ್ನು ರಸ್ತೆಯ ತಿರುವಿನ ತನಕ ಒಯ್ದು ದೀಪ ಹಾಕಿದ. ಅಷ್ಟು ದೂರದಿಂದ ಟ್ರೇಲರ್‌ನ ಬೆನ್ನು ಕೆಂಪಗೆ ಕಾಣಿಸಿತು.